ಏಳನೇ ತೊಟ್ಟಿ

ಕೆಯೋನ್ ಬಂದರು ದಾಟಿದರೆ ರಸ್ತೆಯೇ ಮುಗಿಯುತ್ತದೆ.
ಆಚೆಗೆ ತಗಡಿನ ಶೆಡ್ಡು, ಹನ್ನೆರಡು ತೊಟ್ಟಿ,
ಒಂದು ಸೂಕ್ಷ್ಮದರ್ಶಕ, ತಳ ಸೀದ ಟೀ ಕೆಟಲ್ಲು,
ರಾತ್ರಿ ಪಾಳಿಗೆ ನಾನು, ನೊಲ್ಫಾ ರೆಮೊಲ್ಕೊಯ್.

ತೊಟ್ಟಿಯಲ್ಲಿರುವುದು ಕಡಲ ಮುಳ್ಳುಚೆಂಡಿನ ಮರಿಗಳು.
ಮುಳ್ಳೂ ಇಲ್ಲ, ಚೆಂಡೂ ಅಲ್ಲ, ಇನ್ನೂ.
ಗಾಜಿನ ಸೂಜಿ ಊರಿ ಎತ್ತಿದ ಗುಡಾರ,
ಬರಿಗಣ್ಣಿಗೆ ನೀರೊಳಗಿನ ಧೂಳು.

ಹನ್ನೊಂದು ಡಿಗ್ರಿಯಲ್ಲಿ ಅವಕ್ಕೆ ಅವಸರವಿಲ್ಲ.
ಹದಿನಾಲ್ಕಕ್ಕೆ ಓಡೋಡಿ ಬೆಳೆಯುತ್ತವೆ.
ಇನ್ನೂ ಕಾದರೆ ಎಡಗೈಗೊಂದು ಅಳತೆ, ಬಲಗೈಗೊಂದು.
ಮಳೆ ಹೊಯ್ದು ಹೊಳೆನೀರು ಮೇಲೆ ಹರಡಿದ ದಿನ
ಕೆಳಗಿಳಿದು ಉಪ್ಪಿನಲ್ಲಿ ಅವಿತು ಕೂರುತ್ತವೆ.
ನೀರು ಕೂದಲೆಳೆಯಷ್ಟು ಹುಳಿಯಾದರೂ ಸಾಕು,
ಎಲುಬು ಕಟ್ಟುವ ಸುಣ್ಣ ದುಬಾರಿ.
ಬಾಣಂತಿಯ ಕೋಣೆಗೂ ಇಷ್ಟು ಪಥ್ಯವಿಲ್ಲ.

ಜುಲೈಯಲ್ಲಿ ನನ್ನಿಂದ ತಪ್ಪಾಯಿತು.
ಏಳನೇ ತೊಟ್ಟಿಗೆ ಪಾಚಿ ಉಣಿಸುವ ಕೊಳವೆ
ಕಟ್ಟಿಕೊಂಡಿದ್ದು ಆರು ದಿನ ನೋಡಲಿಲ್ಲ.
ಪುಸ್ತಕದಲ್ಲಿ ಮಾತ್ರ ದಿನವೂ ಬರೆದಿದ್ದೆ,
ಉಣಿಸಿದೆ, ಉಣಿಸಿದೆ,
ಅಕ್ಷರ ಬಲು ದುಂಡಗೆ.

ಹನಿಯೊಂದನ್ನು ಗಾಜಿನ ಮೇಲಿಟ್ಟು ಬಗ್ಗಿದೆ.
ಸತ್ತಿರಲಿಲ್ಲ.
ತೋಳು ಬೆಳೆಸಿದ್ದವು.

ಪಕ್ಕದ ಆರನೆಯದರಲ್ಲಿ ಉಂಡುಟ್ಟು ಬೆಳೆದವು,
ಗಿಡ್ಡ ತೋಳು, ಕುಂಬಳದಂಥ ಹೊಟ್ಟೆ.
ಇವಕ್ಕೆ ಹೊಟ್ಟೆ ಇದೆಯೋ ಇಲ್ಲವೋ,
ತೋಳು ಮಾತ್ರ ನೀಳ, ನೀಳ,
ಇಲ್ಲದ ಅನ್ನವನ್ನು ದೂರದಿಂದಲೇ ಬಾಚಿಕೊಳ್ಳಲು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದುಂಟು.
ಹಾಸಿಗೆ ಕಿರಿದಾದಷ್ಟೂ ಚಾಚಿದವು ಇವು.

ನನ್ನಪ್ಪ ಮುಳುಗುವವನು.
ಗಾಳಿಯ ಕೊಳವೆ ಕಚ್ಚಿಕೊಂಡು ತಳಕ್ಕಿಳಿದು
ಮುಳ್ಳುಚೆಂಡು ಹೆಕ್ಕಿ ಬುಟ್ಟಿ ತುಂಬಿದವನು.
ನಾನು ಅಮ್ಮನ ಹೊಟ್ಟೆಯಲ್ಲಿದ್ದ ವರ್ಷ
ಕಡಲಿಗೆ ಕೆಂಪು ವಿಷವೇರಿ, ಯಾರೂ ಇಳಿಯಕೂಡದೆಂದು
ದಂಡೆಯುದ್ದಕ್ಕೂ ಕಾಗದ ಅಂಟಿಸಿದರಂತೆ.
ಐದು ತಿಂಗಳು ದೋಣಿ ಬೋರಲು.
ಅಮ್ಮ ಉಂಡದ್ದು ಆಲೂಗಡ್ಡೆ, ಮತ್ತೆ ಆಲೂಗಡ್ಡೆ,
ಒಮ್ಮೆ ಚಿಕ್ಕಮ್ಮ ಓತಿಲಿಯಾ ಎಲ್ಲಿಂದಲೋ ತಂದ ಹಂದಿಕಾಲು.

ನನ್ನ ಯಾವ ಅಂಗಿಗೂ ತೋಳು ಸಾಲದು.
ಶಾಲೆಯಲ್ಲಿ ಕೊಕ್ಕರೆ ಅನ್ನುತ್ತಿದ್ದರು.
ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಗೊತ್ತು,
ಸಂಬಳ ಕೊಡುವುದೇ ಇಂಥದ್ದು ಗೊತ್ತಿರಲೆಂದು.
ಆದರೂ ಆ ರಾತ್ರಿ ಕೈಗಳನ್ನು
ಎಲ್ಲಿಡಬೇಕೆಂದು ತಿಳಿಯದೆ ಕೂತೆ.

'ಏಳನ್ನು ಚೆಲ್ಲು' ಅಂದ ಮೇಲ್ವಿಚಾರಕ ಬಾರಿಯಾ,
'ಲೆಕ್ಕ ಕೆಡಿಸುತ್ತವೆ.'
ಚೆಲ್ಲಿದೆ. ಒಂದು ಬಕೆಟ್ಟು ಬಿಟ್ಟು.

ಉತ್ತರದ ಗೋಡೆಯ ತಂಪಿಗೆ ಅದನ್ನಿಟ್ಟು
ಚಮಚ ಚಮಚ ಪಾಚಿ ಹಾಕಿದೆ.
ಇಳಿಯುವ ಕಾಲ ಬಂದರೂ ಇಳಿಯಲಿಲ್ಲ ಅವು,
ಬರಿ ಪ್ಲಾಸ್ಟಿಕ್ ತಳ ಒಲ್ಲವು, ತೇಲುತ್ತ ಕಾದವು.
ಅಪ್ಪನಿಗೆ ಹೇಳಿದೆ. ಕೀಲು ಹಿಡಿದ ಕಾಲೆಳೆಯುತ್ತ
ಇಳಿತದ ಹೊತ್ತಿಗೆ ಹೋಗಿ ಒಂದು ಕಲ್ಲು ತಂದ,
ಒಸಡಿನ ಬಣ್ಣದ ಪಾಚಿ ಹೆಪ್ಪುಗಟ್ಟಿದ ಕಲ್ಲು.
ಯಾಕೆ, ಏನು, ಕೇಳಲಿಲ್ಲ.

ಆ ಕಲ್ಲಿನ ವಾಸನೆ ಹತ್ತಿದ್ದೇ ತಡ.
ಒಂದು ಗಂಟೆ ಹಿಡಿಯಿತೋ ಇಲ್ಲವೋ,
ಒಳಗೆ ಬಚ್ಚಿಟ್ಟುಕೊಂಡ ಮುಳ್ಳು ಹೊರಗೆ ಬಂತು.
ಅಷ್ಟು ಹಸಿದು ಬೆಳೆಸಿದ ತೋಳು
ಕುಸಿಯಿತು, ಕರಗಿತು,
ತನ್ನದೇ ಮೊದಲ ತುತ್ತಾಯಿತು.

ಆರನೇ ತೊಟ್ಟಿಯವಕ್ಕಿಂತ ಸಣ್ಣವು.
ಅದನ್ನೂ ಬರೆದೆ, ಈ ಸಲ ಎಣಿಸಿ: ನಲವತ್ತೊಂದು.
ಅಪ್ಪ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದ,
'ತಿನ್ನುವಷ್ಟಾಗಲು ನಾಲ್ಕು ವರ್ಷ ಬೇಕು' ಅಂದ.

ನಾನು ಕೊಳವೆ ತೊಳೆಯಲು ಎದ್ದೆ.